ಮೊಣಕಾಲೆತ್ತರದ ತಟ್ಟು

ದೀಪ ಸಣ್ಣಗೆ ಮಾಡಿ. ಇದು ನಾನು ಬಣ್ಣ ಹೊಡೆಯಲು ಹೋಗುವ ಒಂದು ಮನೆಯ ಮುತ್ತಜ್ಜನಿಗೆ ಆದದ್ದು. ಕಟ್ಟುಕತೆ ಅಲ್ಲ.

ಪ್ಲೇಗು ಬಂದ ವರ್ಷ. ಕಂಕುಳಲ್ಲಿ ಗಂಟು ಎದ್ದರೆ ನಾಲ್ಕೈದು ದಿನಕ್ಕೆ ಮನುಷ್ಯ ಇಲ್ಲ. ಆತ ರಾತ್ರಿ ಪಾಳಿಯ ಕಾವಲುಗಾರ. ಅವತ್ತು ತಡವಾಗಿತ್ತು. ಹಲಗೆ ಬಡಿದು ಮುಚ್ಚಿದ್ದ ಬಾವಿ ದಾಟಿ, ಲಾಟೀನು ಹಿಡಿದು ತಂಗಿಯ ಮನೆ ಕಡೆ ನಡೆಯುತ್ತಿದ್ದ. ಹಿಂದೆ ರಾಟೆ ಕಿರ್ರ್... ಎಂದಿತು. ತಿರುಗಿ ನೋಡಲಿಲ್ಲ.

ಆ ಮನೆಗೆ ಬೀಗ ಹಾಕಿದವನು ಅವನೇ. ತಂಗಿಯ ಮಗಳು ಗುಬ್ಬಿಗೆ ಜ್ವರ ಬಂದದ್ದನ್ನು ಕಚೇರಿಗೆ ತಿಳಿಸಿದವನೂ ಅವನೇ. "ನಿಯಮ ಅಂದ್ರೆ ನಿಯಮ" ಅಂದಿದ್ದ, ದೊಡ್ಡ ಮನುಷ್ಯ!

ನಿಯಮ ಏನು ಗೊತ್ತೇ? ರೋಗದ ಮನೆಗೆ ನಲವತ್ತು ದಿನ ಬೀಗ. ಊಟ, ನೀರು ಮೇಲಿನ ಕಿಟಕಿಗೆ, ಹಗ್ಗದ ಬುಟ್ಟಿಯಲ್ಲಿ. ದಿನಾ ರಾತ್ರಿ ಒಳಗಿನವರು ಒಬ್ಬೊಬ್ಬರೂ ಒಂದೊಂದು ಸಲ ಬಾಗಿಲು ತಟ್ಟಬೇಕು, ಕಾವಲುಗಾರ ಎಣಿಸಿ ಬರೆದುಕೊಳ್ಳಬೇಕು. ಒಂದು ತಟ್ಟು ಕಡಿಮೆಯಾದರೆ ಹೆಣದ ಗಾಡಿ ಬರುತ್ತದೆ. ಉಳಿದವರಿಗೆ ನಲವತ್ತು ದಿನ ಮತ್ತೆ ಒಂದರಿಂದ ಶುರು. ಇದನ್ನು ಮಾಡಿದ ಪುಣ್ಯಾತ್ಮರು ಆಗಲೇ ಊರು ಬಿಟ್ಟು ಹೋಗಿದ್ದರು ಅನ್ನಿ.

ಐವರ ತಟ್ಟೂ ಅವನಿಗೆ ಬಾಯಿಪಾಠ. ತಂಗಿಯ ಗಂಡನದು ಧಡ್. ಅವಳ ಅತ್ತೆಯ ಊರುಗೋಲಿನದು ಟೊಕ್. ಮಗನದು ಅವಸರದ ಟಪ್. ತಂಗಿಯದು ಉಂಗುರ ತಾಗಿ ಟಕ್-ಕಿಣ್. ಕೊನೆಗೆ, ಮೊಣಕಾಲೆತ್ತರದಲ್ಲಿ, ಐದು ವರ್ಷದ ಗುಬ್ಬಿಯ ಉಗುರು... ಟಿಕ್.

ಹನ್ನೊಂದನೇ ರಾತ್ರಿ ಗುಬ್ಬಿಯ ತಟ್ಟಿನಲ್ಲಿ ಕಿಣ್ ಎಂದಿತು. ಜಾಗ ಅದೇ, ಮೊಣಕಾಲೆತ್ತರ. ತಂಗಿ ಬಗ್ಗಿ ತಟ್ಟುತ್ತಿದ್ದಳು. ಗುಬ್ಬಿ ಹೋದಳೆಂದು ಅವನಿಗೆ ಗೊತ್ತಾಯಿತು. ಆದರೂ ಐದು ಎಂದು ಬರೆದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂವತ್ತನೇ ದಿನದ ಹೊತ್ತಿಗೆ ಐದಕ್ಕೆ ಐದೂ ಕಿಣ್ ಎನ್ನುತ್ತಿದ್ದವು. ಆಗಲೂ ಐದು ಎಂದೇ ಬರೆದ.

ಅವತ್ತು ಮೂವತ್ತೇಳನೇ ರಾತ್ರಿ. ಕಿಟಕಿಯ ಕೆಳಗೆ ನಿನ್ನೆಯ ಬುಟ್ಟಿ ಹಾಗೇ ನೇತಾಡುತ್ತಿತ್ತು. ಬಾಗಿಲಿಗೆ ಕಿವಿ ಕೊಟ್ಟು ನಿಂತ.

ಟಿಕ್... ಟಿಕ್... ಟಿಕ್... ಟಿಕ್... ಟಿಕ್.

ಉಂಗುರದ ಸದ್ದಿಲ್ಲ. ಬರೀ ಉಗುರು. ಮೊಣಕಾಲೆತ್ತರದಲ್ಲಿ.

ಅವನಿಗೆ ಹೋದ ಜೀವ ಬಂದಂತಾಯಿತು. ಮಗು ಬದುಕಿದೆ!

"ಗುಬ್ಬಿ... ಅಮ್ಮ ಎಲ್ಲೇ?"

"ಮಲಗಿದಾಳೆ ಮಾವ. ಏಳಕ್ಕಾಗ್ತಿಲ್ಲ. ನೀರು ಕೇಳ್ತಿದಾಳೆ."

"ಹೂಜಿಯಲ್ಲಿ ಇರತ್ತಲ್ಲ ಕಂದ, ಕುಡಿಸು."



"ನನ್ನ ಕೈಗೆ ಲೋಟ ಸಿಕ್ತಿಲ್ಲ ಮಾವ. ನೀನು ಬಾಗಿಲು ತೆಗಿ."

ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಅವಧಿಗೆ ಮುಂಚೆ ತೆಗೆದರೆ ತೆಗೆದವನ ಮನೆಗೂ ಬೀಗ. ಅಲ್ಲಿ ಅವನ ಹೆಂಡತಿ, ಇಬ್ಬರು ಮಕ್ಕಳು.

"ಇನ್ನು ಮೂರೇ ದಿನ, ಚಿನ್ನ" ಅಂದ. ಐದು ಎಂದು ಬರೆದ. ಹೊರಟುಹೋದ.

ಮುಂದಿನೆರಡು ರಾತ್ರಿಯೂ ಐದು ಟಿಕ್. ಮಾತಿಲ್ಲ.

ನಲವತ್ತನೇ ಬೆಳಿಗ್ಗೆ ವೈದ್ಯರ ಮುಂದೆ ಬೀಗ ತೆಗೆದ. ಬಾಗಿಲು ಪೂರ್ತಿ ತೆರೆಯಲಿಲ್ಲ. ಹಿಂದೆ ತಂಗಿ ಬಿದ್ದಿದ್ದಳು, ಕೈ ಬಾಗಿಲ ಕಡೆ ಚಾಚಿತ್ತು.

ವೈದ್ಯರು ಮುಟ್ಟಿ ನೋಡಿದರು. "ಮೈ ಇನ್ನೂ ಬೆಚ್ಚಗಿದೆ. ಬೆಳಗಿನ ಜಾವ ಹೋಗಿರಬೇಕು. ಗಂಟು ಒಡೆದು ಮಾಯ್ತಾ ಇತ್ತು ಕಣಯ್ಯ... ಎರಡು ದಿನ ಮೊದಲು ಯಾರಾದ್ರೂ ಒಂದು ಲೋಟ ನೀರು ಕುಡಿಸಿದ್ರೆ ಉಳಿಯೋಳು."

ಒಳಕೋಣೆಯಲ್ಲಿ ದುಪ್ಪಟಿ ಸುತ್ತಿದ ನಾಲ್ಕು ಗಂಟು, ಸಾಲಾಗಿ.

"ಮಗು?" ಅಂದ. "ಮಗು ನಿನ್ನೆ ರಾತ್ರಿ ತಟ್ಟಿತ್ತು ಸ್ವಾಮಿ..."

ವೈದ್ಯರು ಎಲ್ಲಕ್ಕಿಂತ ಚಿಕ್ಕ ಗಂಟನ್ನು ಬಿಚ್ಚಿದರು. ತಕ್ಷಣ ಮೂಗು ಮುಚ್ಚಿ ಹಿಂದೆ ಸರಿದರು.

"ಇದು ಸತ್ತು ತಿಂಗಳಾಯ್ತಲ್ಲೋ."

ಕೆಟ್ಟ ಮೇಲೆ ಬುದ್ಧಿ ಬಂತು. ಸಾಯುವವರೆಗೂ ಆತ ತನ್ನ ಮನೆಯ ಬಾಗಿಲಿಗೆ ಚಿಲಕ ಹಾಕಲಿಲ್ಲ, ಹಾಕಗೊಡಲೂ ಇಲ್ಲ. ತುಂಬು ಲೋಟ ನೀರನ್ನು ಹೊಸ್ತಿಲ ಮೇಲಿಟ್ಟು ಮಲಗುತ್ತಿದ್ದ. ಬೆಳಿಗ್ಗೆ ಲೋಟ ತುಂಬಿಯೇ ಇರುತ್ತಿತ್ತು. ಯಾರಿಗೆ ಬೇಕಿತ್ತು ಆ ನೀರು, ಅಷ್ಟು ತಡವಾಗಿ?

ನಗಬೇಡಿ. ಆ ಮುತ್ತಜ್ಜನ ಮನೆಯ ಬಾಗಿಲಿಗೆ ನಾನೇ ಮೂರು ಸಲ ಬಣ್ಣ ಹೊಡೆದಿದ್ದೇನೆ. ಉಜ್ಜಿ, ಒಣಗಿಸಿ, ಎರಡೆರಡು ಕೈ. ಬೇರೆಲ್ಲ ಕಡೆ ಗಟ್ಟಿಯಾಗಿ ನಿಂತಿದೆ. ಹೊರಮೈಯಲ್ಲಿ, ಮೊಣಕಾಲೆತ್ತರದಲ್ಲಿ ಮಾತ್ರ ವಾರ ಕಳೆಯುವುದರೊಳಗೆ ಐದು ಕಡೆ ಬಣ್ಣ ಎದ್ದುಬರುತ್ತದೆ. ಒಂದೊಂದೂ ಮಗುವಿನ ಉಗುರಿನಷ್ಟೇ ಅಗಲ.