ಡಾಕ್ಟರು ಕೇಳಿದ ಮದ್ದು

ಗುರುಸಿದ್ದಮ್ಮ ಕೋಂ ಪುಟ್ಟಬಸವಯ್ಯ, ವಯಸ್ಸು ಸುಮಾರು ಇಪ್ಪತ್ತಮೂರು, ಕಸುಬು ಬೇಸಾಯ, ವಾಸ ದೇವನೂರು, ನಂಜನಗೂಡು ತಾಲ್ಲೂಕು, ತವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು. ಠಾಣೆಯಲ್ಲಿ ದಫೇದಾರರ ಮುಂದೆ ನಾನು ಹೇಳಿ ಬರೆಸುವುದೇನೆಂದರೆ:

ನನ್ನ ಯಜಮಾನರು ಸೋಮವಾರ ತೀರಿಕೊಂಡರು. ಮಂಗಳವಾರ ಮಣ್ಣಾಯಿತು. ನಾನೇ ಮದ್ದು ಹಾಕಿ ಕೊಂದೆನೆಂದು ಬುಧವಾರ ನನ್ನ ಅತ್ತೆ ರುದ್ರಮ್ಮನವರು ಫಿರ್ಯಾದು ಕೊಟ್ಟರು. ಅಂದಿನಿಂದ ನಾನು ಇಲ್ಲಿದ್ದೇನೆ. ಒಂದೂವರೆ ವರ್ಷದ ನನ್ನ ಮಗಳು ದೇವನೂರಿನಲ್ಲಿ ಅತ್ತೆಯ ಹತ್ತಿರ ಇದ್ದಾಳೆ. ಅವಳ ಜೀವಕ್ಕೆ ಅಪಾಯವಿದೆ. ಮೊದಲು ಆಳು ಕಳಿಸಿ, ಆಮೇಲೆ ಬರೆದುಕೊಳ್ಳಿ ಎಂದೆ. ಹೇಳಿಕೆ ಆಗದೆ ಯಾರನ್ನೂ ಕಳಿಸುವಂತಿಲ್ಲ ಎಂದರು. ಆದ್ದರಿಂದ ಹೇಳುತ್ತಿದ್ದೇನೆ.

ಯುಗಾದಿ ಕಳೆದ ಮೇಲೆ ಯಜಮಾನರಿಗೆ ಬಲಪಕ್ಕೆಯಲ್ಲಿ ನೋವು ಹಿಡಿಯಿತು. ಕೆಮ್ಮಿದರೆ ಮೈ ಮುದುಡಿಕೊಳ್ಳುತ್ತಿದ್ದರು. ಮೂಗೂರಿನಲ್ಲಿ ನಾಟಿ ಔಷಧಿ ಕೊಡುವ ಶಿವಮಲ್ಲಪ್ಪನವರ ಗುಳಿಗೆಯನ್ನು ನಾನೇ ತವರಿನಿಂದ ತಂದೆ. ಮೆಣಸು, ಹಿಪ್ಪಲಿಯ ಘಾಟು ಹೊಡೆಯುತ್ತಿತ್ತು. ಬೆಲ್ಲದಲ್ಲಿ ಅದುಮಿ ದಿನಾ ಕೊಡುತ್ತಿದ್ದೆ. ಕದ್ದುಮುಚ್ಚಿ ಕೊಟ್ಟಿಲ್ಲ, ಬೆಲ್ಲ ಒಡೆದು ಕೊಡುತ್ತಿದ್ದವರು ಅತ್ತೆಯೇ. ಅದರಲ್ಲಿ ಏನೇನಿದೆಯೆಂದು ಶಿವಮಲ್ಲಪ್ಪನವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೋವು ಸ್ವಲ್ಪ ಇಳಿದರೂ ನಿದ್ದೆ ಬರಲಿಲ್ಲ. ಭಾನುವಾರ ಯಜಮಾನರು, ಅತ್ತೆ, ನಾನು ಗಾಡಿ ಕಟ್ಟಿಕೊಂಡು ನಂಜನಗೂಡಿನ ಡಾಕ್ಟರ ಹತ್ತಿರ ಬಂದೆವು. ಅವರು ಮಂಗಳೂರು ಕಡೆಯವರು, ಈ ಸೀಮೆಗೆ ಹೊಸಬರು. ಸೀಸೆಗೆ ಔಷಧಿ ಹೊಯ್ಯುವ ಮುಂಚೆ ನನ್ನ ಕಡೆ ತಿರುಗಿ, "ಮನೆಯಲ್ಲಿ ಇವರಿಗೆ ಏನಾದರೂ ಮದ್ದು ಕೊಟ್ಟದ್ದುಂಟಾ?" ಎಂದು ಕೇಳಿದರು.

ನಮ್ಮಲ್ಲಿ ಕಾಯಿಲೆಗೆ ಕೊಡುವುದು ಔಷಧಿ. ಮದ್ದು ಎಂದರೆ ಗಂಡಸನ್ನು ಬುಟ್ಟಿಗೆ ಹಾಕಿಕೊಳ್ಳುವುದಕ್ಕೋ ಕೊಲ್ಲುವುದಕ್ಕೋ ಅನ್ನದಲ್ಲಿ ಕಲಸಿ ಇಕ್ಕುವ ವಿಷ. ಮಗ ನನ್ನ ಮಾತು ಕೇಳುತ್ತಾನೆಂಬ ಒಂದೇ ಹೊಟ್ಟೆಕಿಚ್ಚಿಗೆ, ನಾನು ಮದ್ದು ಹಾಕಿದ್ದೇನೆಂದು ಅತ್ತೆ ಊರೆಲ್ಲ ಆಡಿಕೊಂಡಿದ್ದರು. ಡಾಕ್ಟರ ಕಿವಿಗೂ ಊದಿದ್ದಾರೆ ಎಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. "ಮದ್ದಾಕೋ ವಂಸ ನಮ್ದಲ್ಲ ಸಾ, ಯಾರೂ ಕೊಟ್ಟಿಲ್ಲ" ಎಂದುಬಿಟ್ಟೆ. ಪರರ ಮುಂದೆ ಮನೆಯ ಮಾನ ಹೋಗಬಾರದೆಂದು ಅತ್ತೆಯೂ, "ಇಲ್ಲ ಸಾ, ನಮ್ಮಟ್ಟೀಲಿ ಅಂತಾದ್ದೇನೂ ನಡ್ದಿಲ್ಲ" ಎಂದರು. ಯಜಮಾನರು ಕೆಮ್ಮುತ್ತಲೇ ಇದ್ದರು. ಡಾಕ್ಟರು ನಂಬಿ ಸೀಸೆ ತುಂಬಿಸಿದರು.

ಸೋಮವಾರ ಬೆಳಿಗ್ಗೆ ಗುಳಿಗೆ ಕೊಟ್ಟು, ಹಿಂದೆಯೇ ಸೀಸೆಯದನ್ನು ಕುಡಿಸಿದೆ. ಇನ್ನೂ ನೋವಿದೆ ಎಂದಿದ್ದಕ್ಕೆ ಮಧ್ಯಾಹ್ನ ಮತ್ತೆ ಎರಡನ್ನೂ ಕೊಟ್ಟೆ. ನಿದ್ದೆ ಹತ್ತಿತು. ಎಷ್ಟೋ ದಿನದಿಂದ ಕಣ್ಣು ಮುಚ್ಚದವರು ಮಲಗಿದರೆಂದು ಮನೆಯವರಿಗೆಲ್ಲ ಸಂತೋಷ. ಅತ್ತೆ ರಾಗಿ ಬೀಸುವುದನ್ನು ನಿಲ್ಲಿಸಿದರು. ನಾನು ಕರುವಿನ ಕೊರಳ ಗಂಟೆ ಬಿಚ್ಚಿಟ್ಟೆ. ದನ ಮನೆಗೆ ಬರುವ ಹೊತ್ತಿಗೆ ಎಬ್ಬಿಸಲು ಹೋದರೆ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ರೆಪ್ಪೆ ಬಿಡಿಸಿ ನೋಡಿದೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಒಂದು ಉಸಿರು ಬಂತು. ಇನ್ನೊಂದು ಬರುತ್ತದೆಂದು ಕೈ ಹಿಡಿದುಕೊಂಡು ಕೂತೆ, ಬರಲಿಲ್ಲ. ನಾವು ಸದ್ದು ಮಾಡದೆ ಅಷ್ಟು ಹೊತ್ತು ಕಾದದ್ದು ಅವರ ಸಾವನ್ನು.

ಬುಧವಾರ ಪೊಲೀಸಿನವರು ಬಂದು ಗುಳಿಗೆಗಳನ್ನು ಮಾತ್ರ ಜಪ್ತಿ ಮಾಡಿದರು. ಸೀಸೆ ಡಾಕ್ಟರದು ಎಂದು ಅಲ್ಲೇ ಬಿಟ್ಟರು.

ಈ ದಿನ ಬೆಳಿಗ್ಗೆ ಮಾವನವರಾದ ಸಿದ್ದಮಲ್ಲಪ್ಪನವರು ನನಗೆ ಬುತ್ತಿ ತಂದಿದ್ದರು. "ಮಗೀಗೂ ಕೆಮ್ಮು ಸುರುವಾಗದೆ ಕಣವ್ವ. ಸೀಸೇಲಿ ಉಳ್ದಿರೋದ ಇವತ್ತು ಬೈಗಿಗೆ ವಸಿ ಕುಡುಸ್ತಳಂತೆ ನಿಮ್ಮತ್ತೆ" ಎಂದರು. ಕುಡಿಸಲಿ ಮಾವ ಎಂದೆ. ನನ್ನ ಬಾಯಿಂದಲೇ ಅಂದೆ. ಅವರು ಊರಿಗೆ ಹೊರಟರು.

ಮಧ್ಯಾಹ್ನ ಡಾಕ್ಟರು ಠಾಣೆಗೆ ಬಂದು ಗುಳಿಗೆಯನ್ನು ಒಡೆದು ಮೂಸಿದರು. ಅದರಲ್ಲಿ ಅಫೀಮಿದೆಯೆಂದೂ, ತಮ್ಮ ಸೀಸೆಯದು ನಿದ್ದೆ ಬರಿಸುವ ಬೇರೆ ಔಷಧಿಯೆಂದೂ, ಬಿಡಿಬಿಡಿಯಾಗಿ ಎರಡೂ ಗುಣ ಕೊಡುವಂಥವೇ ಎಂದೂ, ಹೊಟ್ಟೆಯೊಳಗೆ ಕೂಡಿದರೆ ಒಂದರ ಬಲಕ್ಕೆ ಇನ್ನೊಂದರ ಬಲ ಸೇರಿ ಉಸಿರು ನಿಲ್ಲಿಸುತ್ತವೆಂದೂ ಹೇಳಿದರು. ತಾವು ಅದಕ್ಕೇ ಮದ್ದಿನ ಮಾತು ಕೇಳಿದ್ದು, ತಮ್ಮ ಊರಲ್ಲಿ ಔಷಧಿಗೆ ಮದ್ದೆನ್ನುವುದು ಎಂದರು. ಔಷಧಿ ಎಂದು ಕೇಳಿದ್ದರೆ ಗುಳಿಗೆಯ ಗಂಟನ್ನೇ ಬಿಚ್ಚಿ ತೋರಿಸುತ್ತಿದ್ದೆ ಎಂದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು.

ಅವರು ಎದ್ದು ಹೋದ ಮೇಲೆ ನನಗೆ ಮಗುವಿನ ನೆನಪಾಯಿತು. ದೀಪ ಹಚ್ಚುವ ಹೊತ್ತಿಗೆ ಮಗು ರಗಳೆ ಮಾಡದೆ ಮಲಗಲೆಂದು ಅತ್ತೆ ದಿನಾ ಅದರ ನಾಲಿಗೆಗೆ ಒಂದು ಚೂರು ಅಫೀಮು ತೇಯ್ದು ಸವರುತ್ತಾರೆ. ನಮ್ಮ ಕಡೆ ಎಲ್ಲ ಮನೆಯಲ್ಲೂ ಉಂಟು. ಅದನ್ನು ಯಾರೂ ಮದ್ದೂ ಅನ್ನುವುದಿಲ್ಲ, ಔಷಧಿಯೂ ಅನ್ನುವುದಿಲ್ಲ. ಯಾವ ಹೆಸರು ಹಿಡಿದು ಕೇಳಿದರೂ ಅತ್ತೆ ಇಲ್ಲವೆಂದೇ ಹೇಳುತ್ತಾರೆ. ದೇವನೂರಿಗೆ ಗಾಡಿಯಲ್ಲಿ ಅರ್ಧ ದಿನ ಹಿಡಿಯುತ್ತದೆ, ಕುದುರೆಯಾದರೆ ಬೇಗ ಮುಟ್ಟಬಹುದು. ನನ್ನನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ಹೋದವರು ಏನನ್ನೂ ಕೇಳುತ್ತ ನಿಲ್ಲದೆ ಸೀಸೆಯನ್ನು ಕಿತ್ತುಕೊಂಡು ಒಡೆದುಹಾಕಲಿ.

ಹೇಳಿದ್ದೆಲ್ಲ ನಿಜ, ನಾನು ಕಂಡದ್ದು, ನನ್ನ ಕೈಯಾರೆ ಮಾಡಿದ್ದು. ಬರೆದದ್ದನ್ನು ಓದಿ ಹೇಳಬೇಕು, ಅದು ಕಾನೂನು ಎಂದರು ದಫೇದಾರರು. ಓದುವುದು ಬೇಡ, ಅಷ್ಟರಲ್ಲಿ ಕುದುರೆ ಹತ್ತಿಸಿ ಎಂದು ಕಾಲು ಹಿಡಿದು ಹೆಬ್ಬೆಟ್ಟು ಒತ್ತಿದ್ದೇನೆ.

ನಂಜನಗೂಡು
ತಾರೀಖು 15ನೇ ಏಪ್ರಿಲ್ 1909, ಗುರುವಾರ
ಗುರುಸಿದ್ದಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು
ಬರೆದುಕೊಂಡವರು: ಬೋರಯ್ಯ, ದಫೇದಾರ್
ಪೂರ್ತಿ ಓದಿ ಹೇಳಿ ಮುಗಿಸಿದ ವೇಳೆ: ಠಾಣೆಯಲ್ಲಿ ದೀಪ ಹಚ್ಚಿದ ಮೇಲೆ.