ಸೊನ್ನೆಯ ಮುಂದಿನ ಮೈನಸ್

ಆ ಶನಿವಾರ ನ್ಯೂ ಜರ್ಸಿಯ ಐಸೆಲಿನ್ ಊರಿನ ದೋಸೆ ಹೋಟೆಲಿನ ಕ್ಯೂ ಅಟ್ಲಾಂಟಿಕ್ ಸಾಗರದವರೆಗೆ ಬೆಳೆದಿತ್ತು. ನನ್ನಷ್ಟು ಚುರುಕಾದ ಕಿವಿ ಅಮೆರಿಕದಲ್ಲಿ ಇನ್ನೊಬ್ಬರಿಗಿಲ್ಲವಾದ್ದರಿಂದ, ಮುಂದೆ ನಿಂತಿದ್ದ ಇಬ್ಬರ ಮಾತು ತಾನಾಗಿಯೇ ಬಂದು ಬಿತ್ತು. ಅನುಶ್ರೀ ಗಣಿತದ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಹೊಸಬಳು. ಮುರುಗೆಪ್ಪನವರು ಅವಳ ಕೋಡ್ ಪರೀಕ್ಷಿಸುವ ಹಿರಿಯರು.

“ಅಂಕಲ್, ಇವತ್ತಿನ ದೋಸೆ ನಂದು. ನೀವು ನೋಡದೆ ಇದ್ದಿದ್ರೆ ಪ್ರೊಬೇಷನ್‌ನಲ್ಲೇ ನನ್ನ ಕೆಲಸ ಹೋಗ್ತಿತ್ತು.”

“ಅಲ್ಲವ್ವಾ, ಸೊನ್ನಿ ಮುಂದಿನ ಮೈನಸ್ ಯಾಕ ಅಳಿಸಿದ್ದಿ?”

“ಸೊನ್ನೆಗೆ ಮೈನಸ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂದ್ಕೊಂಡೆ.”

“ಫೋರ್ಟ್ ಲೀ ಬ್ರಿಜ್ಜಿನ ನಟ್ಟನಡುವ ನಿಂತೀ ಅನ್ಕೋ. ಜರ್ಸಿ ಕಡಿಂದ ಬಂದ್ಯೋ, ಮ್ಯಾನ್‌ಹಟನ್ ಕಡಿಂದ ಬಂದ್ಯೋ? ಕಾಂಪ್ಲೆಕ್ಸ್ ನಂಬರಿನಾಗ ಸೊನ್ನಿಗೆ ಯಾವ ಕಡಿಂದ ಬಂದ್ವಿ ಅನ್ನೋದನ್ನ ನೆನಪಿಡೋದು ಆ ಮೈನಸ್ ಒಂದ.”

“ಹೌದು, ಅದಿಲ್ದೆ ಸ್ಕ್ವೇರ್ ರೂಟ್ ಪೂರ್ತಿ ಉಲ್ಟಾ ಬಂತು. ಸೋಮವಾರ ಹಾಗೇ ರಿಲೀಸ್ ಆಗಿಬಿಟ್ಟಿದ್ರೆ! ಅಷ್ಟುದ್ದ ಕೋಡಲ್ಲಿ ನಿಮಗೆ ಹೇಗೆ ಕಾಣಿಸ್ತು?”

“ಅಕ್ಕ್ಯಾಗ ಹಳ್ಳು ಆರಿಸಿದಂಗ ಓದ್ತೇನವಾ. ಅದಿರಲಿ, ಕೋಡಿನಾಗ ನನ್ನ ಹೆಸರು ಹಾಕಿ ಥ್ಯಾಂಕ್ಸ್ ಬರದೀಯಲ್ಲ? ನಾಚಿಕಿ ಬರ್ತದ, ಅಳಸು.”

“ಅಳಿಸಲ್ಲ ಅಂಕಲ್. ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ಅಳಿಸೋ ಚಾಳಿ ಬಿಟ್ಟಿದೀನಿ.”

ಮುರುಗೆಪ್ಪನವರು ನಕ್ಕ ನಗುವಿಗೆ ಓಕ್ ಟ್ರೀ ರೋಡಿನ ಸಿಗ್ನಲ್‌ಗಳೆಲ್ಲ ಒಟ್ಟಿಗೆ ಹಸಿರಾದವು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅವಳು ಬಾಗಿಲು ಹಿಡಿದು ನಿಂತಳು. ಅವರು ಮೊದಲು ಹೋದರು.