ಸೋತವನು ಕಟ್ಟಿದ ಹಾರ

ಪ್ರೀತಿಯ ಸಹೋದರ ಸಹೋದರಿಯರೇ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ಒಂದೂರಲ್ಲಿ ಒಬ್ಬ ಸಾಹುಕಾರ. ಊರಿನ ಶಾಲೆ ನಿಂತಿದ್ದೇ ಅವನ ಜಾಗದಲ್ಲಿ. ನಡೆಸುತ್ತಿದ್ದವರು ಯೇಸುಸಭೆಯ ಒಬ್ಬ ಪಾದ್ರಿ. ಕೋಪ ಜಾಸ್ತಿ, ನಗು ಅದಕ್ಕಿಂತ ಜಾಸ್ತಿ.

ಈ ಫಾದರ್ ವರ್ಷ ವರ್ಷ ಶಾಲಾ ನಾಯಕನ ಚುನಾವಣೆ ಮಾಡಿಸ್ತಿದ್ರು. ನಿಂತವರಿಗೆ ಒಂದೊಂದು ಮಡಕೆ, ಮಕ್ಕಳಿಗೆ ಒಂದೊಂದು ಹುಣಸೆ ಬೀಜ. ಪರದೆ ಹಿಂದೆ ಹೋಗಿ ತಮಗೆ ಬೇಕಾದವನ ಮಡಕೆಗೆ ಹಾಕಿ ಬರಬೇಕು. ಇನ್ನೊಂದು ನಿಯಮ ಇತ್ತು, ನೋಡಿ. ಗೆದ್ದವನಿಗೆ ಹಾರ ಹಾಕಬೇಕಾದವನು ಸೋತವನೇ. ಆ ಹಾರ ಕಟ್ಟಬೇಕಾದವನೂ ಅವನೇ.

ಆ ವರ್ಷ ಸಾಹುಕಾರನ ಮಗ ನಿಂತ. ಎದುರಿಗೆ ಯಾರು? ಅವರ ಮನೆ ಬಟ್ಟೆ ಒಗೆಯುವವಳ ಮಗ. ಗೆದ್ದಿದ್ದು ಯಾರು? ಬಟ್ಟೆ ಒಗೆಯುವವಳ ಮಗ.

ಸಾಹುಕಾರ ಕೆಂಡಾಮಂಡಲವಾಗಿ ಶಾಲೆಗೆ ಬಂದ. "ನನ್ನ ಮಗ ಅವನಿಗೆ ಹಾರ ಹಾಕೋದಾ? ಹಾಕಿಸಿದ್ರೆ ನಾಳೆನೇ ನನ್ನ ಜಾಗ ಖಾಲಿ ಮಾಡಿ, ಫಾದರ್."

"ಜಾಗ ನಿಮ್ದು, ಸಾಹುಕಾರ್ರೇ. ಖಾಲಿ ಮಾಡ್ತೀವಿ, ಮರದ ಕೆಳಗೆ ಪಾಠ ಮಾಡ್ತೀವಿ. ಆದ್ರೆ ಸೋಲೋದನ್ನ ಇಲ್ಲಿ ಕಲೀದಿದ್ರೆ, ನಾಳೆ ದೊಡ್ಡ ಚುನಾವಣೇಲಿ ಈ ಮಕ್ಕಳು ಬಡಿದಾಡ್ತಾರೆ. ಈ ಪಾಠ ಮಾತ್ರ ಬಿಡೋಕಾಗಲ್ಲ."

ಅಷ್ಟರಲ್ಲಿ ಒಳಗಿಂದ ಸಾಹುಕಾರನ ಮಗ ಬಂದ. ಕೈಯಲ್ಲಿ ಅಂಕುಡೊಂಕಾಗಿ ಕಟ್ಟಿದ ಚೆಂಡುಹೂವಿನ ಹಾರ. ಬಾಗಿಲಿಗೆ ಅಡ್ಡ ನಿಂತವನು ಅಪ್ಪ.

"ಅಪ್ಪಾ, ಸ್ವಲ್ಪ ದಾರಿ ಬಿಡಿ. ಹೂ ಬಾಡುತ್ತೆ."

ಸಾಹುಕಾರ ಏನು ಮಾಡಿದ? ಮಗನ ಮುಖ ನೋಡಿದ, ದಾರಿ ಬಿಟ್ಟ. ಶಾಲೆ ಇವತ್ತಿಗೂ ಅಲ್ಲೇ ಇದೆ.

ಆ ಪಾದ್ರಿಯನ್ನು ನೆನೆದರೆ ನನಗೆ ಹೆಮ್ಮೆಯಿಂದ ಎದೆ ಉಬ್ಬುತ್ತೆ. ದೊಡ್ಡವರು ದಿಲ್ಲಿಯಲ್ಲಿ ಸಂವಿಧಾನ ಬರೆದರು. ಅದನ್ನು ಮಕ್ಕಳಿಗೆ ರೂಢಿ ಮಾಡಿಸಿದವರು ಇಂಥ ಮೇಷ್ಟ್ರುಗಳು. ದೇಶ ಕಟ್ಟಿದವರಲ್ಲಿ ಇವರೂ ಇದ್ದಾರೆ, ಹೌದೋ ಅಲ್ವೋ?

ಈಗ ನಮ್ಮ ವಿಷಯಕ್ಕೆ ಬರೋಣ. ಹೋದ ತಿಂಗಳು ನಮ್ಮ ಚರ್ಚಿನ ಪಾಲನಾ ಪರಿಷತ್ತಿಗೆ ಚುನಾವಣೆ ಆಯ್ತು. ಸೋತವರಲ್ಲಿ ಒಬ್ಬರು ಗಾಯನ ಮಂಡಳಿ ಬಿಟ್ಟರು. ಇನ್ನೊಬ್ಬರು ಪೂಜೆ ಮುಗಿಯೋ ಮೊದಲೇ ಸ್ಕೂಟರ್ ಸ್ಟಾರ್ಟ್ ಮಾಡ್ತಾರೆ. ಹೆಸರು ಹೇಳಲ್ಲ, ತಲೆ ಎತ್ತಿ ಕೂತ್ಕೊಳ್ಳಿ. ಗೆದ್ದವರೇ, ನೀವೂ ನಗಬೇಡಿ. ಸೋತವರನ್ನ ಒಂದು ಕೆಲಸಕ್ಕಾದರೂ ಕರೆದಿರಾ? ಮಕ್ಕಳು ಆಟದಲ್ಲಿ ಸೋತು ಬಂದರೆ ಅಂಪೈರ್‌ನ ಬೈಯೋದು ಬಿಡಿ. "ಗೆದ್ದವನ ಕೈ ಕುಲುಕಿ ಬಂದ್ಯಾ?" ಅಂತ ಕೇಳಿ.

ಇವತ್ತು ಆಶೀರ್ವಾದ ಆದಮೇಲೆ ಯಾರೂ ಗೇಟಿನ ಕಡೆ ಓಡಬೇಡಿ. ಬಾಗಿಲ ಹತ್ತಿರ ಮೇಜಿನ ಮೇಲೆ ಹೂ ಇಟ್ಟಿದ್ದೀನಿ, ದಾರ ಇಟ್ಟಿದ್ದೀನಿ. ಸೋತವರು ಬಂದು ಹಾರ ಕಟ್ಟಿ. ಉಳಿದವರು ದಾರಿ ಬಿಡಿ.